ಬ್ಯಾಂಡ್ ನಿಲ್ಲುವ ತನಕ

ಹಿರಿಯರೊಬ್ಬರು ಮೈದಾನದ ಗೇಟಿನ ಮುಂದೆ ಆಟೋ ಇಳಿಯುತ್ತಿದ್ದಂತೆ ಒಳಗೆ ಶಾಲಾ ಮಕ್ಕಳ ಬ್ಯಾಂಡ್ ಶುರುವಾಯಿತು. ಬ್ಯಾಡ್ಜ್ ಹಾಕಿಕೊಂಡಿದ್ದ ಪಿ.ಟಿ. ಟೀಚರ್ ಕೈ ಅಡ್ಡ ಹಿಡಿದರು.

"ಬ್ಯಾಂಡ್ ನುಡಿಸ್ತಿರುವಾಗ ಯಾರೂ ಒಳಗೆ ಹೋಗೋ ಹಾಗಿಲ್ಲ ಸಾರ್. ಜನ ಓಡಾಡಿದ್ರೆ ಮಕ್ಕಳ ಹೆಜ್ಜೆ ತಪ್ಪುತ್ತೆ."

"ಅಲ್ಲಮ್ಮಾ, ನಾನು ಯಾರು ಅಂತ..."

"ಮಂತ್ರಿಗಳೇ ಬಂದ್ರೂ ಅಷ್ಟೇ. ಈ ನಿಯಮ ಮಾಡಿಸಿದ್ದೇ ನಮ್ಮ ಮುಖ್ಯ ಅತಿಥಿಗಳು. ಪ್ರೇಕ್ಷಕರಿಗೆ ಶಿಸ್ತಿಲ್ಲದ ಕಡೆ ನಾನು ಕಾಲಿಡಲ್ಲ ಅಂದ್ಬಿಟ್ಟಿದ್ದಾರೆ."

ಹಿರಿಯರು ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು. "ಭೇಷ್! ಹೀಗಿರಬೇಕು. ಬ್ಯಾಂಡ್ ನಿಲ್ಲಲಿ, ಆಮೇಲೇ ಹೋಗ್ತೀನಿ."

ಅದೇ ಟ್ಯೂನ್ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಮ್ಮೆ. ಬಿಸಿಲು ನೆತ್ತಿಗೇರಿತು. ಹಿರಿಯರು ಬೆವರೊರೆಸಿಕೊಳ್ಳುತ್ತ, ನಿಂತ ಜಾಗ ಬಿಟ್ಟು ಕದಲದೆ ಕಾದರು.

ಒಳಗೆ ಬ್ಯೂಗಲ್ ಊದುತ್ತಿದ್ದ ಹುಡುಗಿ ಕೆನ್ನೆ ಹಿಡಿದುಕೊಂಡು ಅಳುಮುಖ ಮಾಡಿದಳು. "ಇನ್ನಾಗಲ್ಲ ಮಾಸ್ಟ್ರೇ, ನಿಲ್ಲಿಸೋಣ."

"ಊದ್ತಾ ಇರಮ್ಮ," ಎಂದರು ಬ್ಯಾಂಡ್ ಮಾಸ್ತರರು, ಕೋಲು ಆಡಿಸುತ್ತಲೇ. "ಇದು ಸ್ವಾಗತದ ಬ್ಯಾಂಡು. ಮುಖ್ಯ ಅತಿಥಿಗಳು ಒಳಗೆ ಬರೋ ತನಕ ನಿಲ್ಲಿಸೋ ಹಾಗಿಲ್ಲ."