ಹತ್ತು ಹನಿ

ಕ್ಷೌರದಂಗಡಿಯ ಟವೆಲ್ಲುಗಳಲ್ಲಿ ಅರ್ಧವನ್ನೂ ಹಿಂಡಿ ಮುಗಿಸಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ಒದ್ದೆ ಕೈ ಜಾಡಿಸಿಕೊಂಡು ಅವಳು ತೆರೆದರೆ ಮನೆ ಮಾಲೀಕ. ಅವನ ಬೆನ್ನಿಗೆ, ಚಿಕ್ಕ ಪೆಟ್ಟಿಗೆ ಹಿಡಿದ ನೀರು ಪರೀಕ್ಷೆಯವನು.

"ಏನಮ್ಮ, ನೀರು ಗಡಸು ಅಂತ ಬೀದಿಗೆಲ್ಲ ಡಂಗುರ ಸಾರ್ತಿದ್ದೀಯಂತೆ. ತಗೋ, ತಿಳಿದವರನ್ನೇ ಕರ್ಕೊಂಡು ಬಂದಿದ್ದೀನಿ."

ಡಂಗುರವನ್ನೇನೂ ಅವಳು ಸಾರಿರಲಿಲ್ಲ. ತಾರಸಿಯ ಮೇಲೆ ನೀರು ಮೆದು ಮಾಡುವ ಯಂತ್ರವಿದೆಯಲ್ಲ, ಉಪ್ಪು ಮುಗಿದು ಅದು ಕೆಲಸ ಮಾಡುತ್ತಿಲ್ಲ, ತುಂಬಿಸಿ ಎಂದು ನಾಲ್ಕಾರು ಸಲ ಕೇಳಿದ್ದಳು, ಅಷ್ಟೆ. ಒಗೆದ ಟವೆಲ್ಲು ಒರಟಾಗುತ್ತಿದ್ದರೆ ದೋಷ ಸೋಪಿನದು, ಇಲ್ಲವೇ ಒಗೆಯುವ ಕೈಯದು ಎಂದು ಅವನು ಸಾಗಹಾಕಿದ್ದ. ಅತ್ತ ಅಂಗಡಿಯವನು, "ಅಕ್ಕ, ನಿಮ್ ಟವೆಲ್ಲೇ ಗಡ್ಡ ಹೆರೆಯುತ್ತೆ, ಇನ್ನು ನನ್ ಬ್ಲೇಡ್ ಯಾಕೆ" ಎಂದು ನಗುತ್ತಲೇ, ಈ ವಾರವೂ ಹೀಗೇ ಇದ್ದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಹೇಳಿ ಹೋಗಿದ್ದ. ಆ ಟವೆಲ್ಲಿನ ಮೂಟೆ ಬಂದರೇ ಈ ಮನೆಯಲ್ಲಿ ಒಲೆ ಉರಿಯುವುದು.

ಪರೀಕ್ಷೆಯವನು ಅಡುಗೆಮನೆಯ ನಲ್ಲಿಯಿಂದ ಗಾಜಿನ ಶೀಶೆಗೆ ನೀರು ಹಿಡಿದು ಚಿಟಿಕೆ ಪುಡಿ ಹಾಕಿದ. ನೀರು ಕೆಂಪಾಯಿತು. ಎಂಟು ವರ್ಷದ ಮಗಳು ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು, ಕಟ್ಟೆಗೆ ಗಲ್ಲ ಊರಿ ನಿಂತಳು. ನೋಡುವವರಿದ್ದರೆ ಅವನಿಗೂ ಹುರುಪು. ಇನ್ನು ಈ ಔಷಧಿಯನ್ನು ಹನಿ ಹನಿಯಾಗಿ ಬಿಡಬೇಕು, ಕೆಂಪು ಹೋಗಿ ನೀಲಿ ಬಂದಾಗ ನಿಲ್ಲಿಸಬೇಕು, ಹತ್ತು ಹನಿ ದಾಟಿತೋ ನೀರು ಗಡಸು ಎಂದು ಹುಡುಗಿಗೆ ಪಾಠವನ್ನೇ ಮಾಡಿದ.

ಶೀಶೆ ಅಲುಗಾಡಿಸುತ್ತಾ ಒಂದೊಂದೇ ಎಣಿಸಿದ. ಎಂಟಕ್ಕೆ ಬಂದಾಗ ಮಾಲೀಕ ಕೆಮ್ಮಿದ. ಹತ್ತಕ್ಕೆ ಪರೀಕ್ಷೆಯವನ ಕೈ ನಿಂತಿತು. ಮೆದು ನೀರೇ ಎನ್ನುತ್ತಾ ಶೀಶೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಹಾಳೆಯ ಮೇಲೆ ಬರೆದ. ಮಾಲೀಕ ಆ ಹಾಳೆಯನ್ನು ಅವಳತ್ತ ಚಾಚಿ, ಸಹಿ ಹಾಕಿ ಇನ್ನು ಈ ಮಾತು ಎತ್ತಬೇಡ ಎಂದ.

ಮಗಳು ತೋಳು ಜಗ್ಗಿದಳು. ಮಾಲೀಕರ ಮುಂದೆ ಬಾಯಿ ಬಿಡಬಾರದು ಎಂದು ಈ ಮನೆಗೆ ಬಂದ ದಿನದಿಂದ ಕಲಿಸಿದವಳು ಅಮ್ಮನೇ. ರೂಢಿಯಂತೆ ಬೆನ್ನು ತಟ್ಟಿ ಸುಮ್ಮನಿರಿಸಿದಳು. ಮಗು ಮತ್ತೆ ಜಗ್ಗಿತು. ಬಗ್ಗಿದಾಗ ಪೇಸ್ಟಿನ ವಾಸನೆಯ ಪಿಸುಮಾತೊಂದು ಕಿವಿಗೆ ಬಿತ್ತು. ಅವಳ ಕಣ್ಣು ಪರೀಕ್ಷೆಯವನ ಬೆರಳ ಸಂದಿಗೆ ಹೋಯಿತು. ಅಲ್ಲಿ ಶೀಶೆಯ ನೀರು ಇನ್ನೂ ಕೆಂಪಾಗಿಯೇ ಇತ್ತು.

"ಏನದು ಗುಸುಗುಸು?" ಎಂದ ಮಾಲೀಕ.

ಏನಿಲ್ಲ ಸಾರ್ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿದಳು. ಹಾಳೆಯನ್ನು ಪೆಟ್ಟಿಗೆಯ ಮೇಲೆ ಬೋರಲಾಗಿ ಇಟ್ಟು, ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ನಾನು ಸಹಿ ಹಾಕಲ್ಲ ಸಾರ್. ನಮ್ ಹುಡುಗಿ ಏನೋ ಕೇಳ್ಬೇಕಂತೆ, ಕೇಳಿಸ್ಕೊಂಡು ಹೋಗಿ." ಮಗಳ ಕಡೆ ತಿರುಗಿದಳು. "ಪಿಸುಮಾತು ಬೇಡ ಪುಟ್ಟಿ. ಗಟ್ಟಿಯಾಗೇ ಕೇಳು."

ಹುಡುಗಿ ಬಾಯಿಯ ನೊರೆಯನ್ನು ತೋಳಿಗೆ ಒರೆಸಿಕೊಂಡು, ಮುಚ್ಚಿದ ಆ ಮುಷ್ಟಿಯನ್ನೇ ನೋಡುತ್ತಾ ಕೇಳಿದಳು:

"ಮಾಮ, ನೀಲಿ ಆಗೋಕೆ ಇನ್ನೂ ಎಷ್ಟು ಹನಿ ಬೇಕು?"