ಕಾರಿಲ್ಲದ ಫೋಟೊ

“ಕಾರು ಕಾಣಬಾರದು,” ಎಂದಳು ದಿರ್ಚೆ, ಇಪ್ಪತ್ತನೆಯ ಸಲ.

ಒರ್ನೆಲ್ಲಾ ಝನಾಸಿ ಕ್ಯಾಮೆರಾ ಕೆಳಗಿಳಿಸಿದಳು. ಹಳೆಯ ಸ್ಪೋರ್ಟ್ಸ್ ಕಾರುಗಳನ್ನೂ ಅವುಗಳ ಒಡೆಯರನ್ನೂ ಒಟ್ಟಿಗೆ ನಿಲ್ಲಿಸಿ ಫೋಟೊ ತೆಗೆದು ಇಪ್ಪತ್ತಾರು ವರ್ಷ ಹೊಟ್ಟೆ ಹೊರೆದವಳು ಅವಳು. ಕಾರಿಗೆ ಒರಗಿ ಹೊಟ್ಟೆ ಒಳಗೆಳೆದುಕೊಳ್ಳುವ ಡಾಕ್ಟರನ್ನು ಕಂಡಿದ್ದಳು. ತನಗಿಂತ ತನ್ನ ನಾಯಿಯೇ ಚೆನ್ನಾಗಿ ಬರಬೇಕೆಂದು ಹಟ ಹಿಡಿದ ಜಮೀನ್ದಾರನನ್ನೂ ಕಂಡಿದ್ದಳು. ಕಾರೇ ಬೇಡ ಎನ್ನುವವರನ್ನು ಮಾತ್ರ ಇವತ್ತೇ ಕಂಡಿದ್ದು.

ಅದೂ ಎಂಥ ಕಾರು! ಇಟಲಿಯ ಮೊಡೆನಾದ ಪುಟ್ಟ ಕಾರ್ಖಾನೆಯೊಂದು 1961ರಲ್ಲಿ ಕೈಯಲ್ಲೇ ಕಟ್ಟಿದ ಒಂಬತ್ತು ಕಾರುಗಳಲ್ಲಿ ಉಳಿದದ್ದು ಇದೊಂದೇ. ದಿರ್ಚೆಯ ಗಂಡ ಲೆಯಾರ್ಕೊ ಆಗ ಅಲ್ಲಿ ತಗಡು ಬಡಿಯುತ್ತಿದ್ದ. ಕಾರಿನ ಮೈಯ ಒಂದೊಂದು ಬಾಗೂ ಅವನ ಸುತ್ತಿಗೆಯದೇ. ಕಾರ್ಖಾನೆ ಮುಚ್ಚಿದ ಮೇಲೆ ಈ ಕಾರನ್ನು ವಿನ್ಯೋಲಾದ ಈ ಚೆರಿ ತೋಟಕ್ಕೆ ತಂದು ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದವನು, ಫೋಟೊದವರನ್ನು ಹತ್ತಿರಕ್ಕೂ ಬಿಟ್ಟಿರಲಿಲ್ಲ. ಒರ್ನೆಲ್ಲಾ ಹನ್ನೊಂದು ವರ್ಷ ಕಾಡಿ ಬೇಡಿದ್ದಳು. ಮೊನ್ನೆ ಇದ್ದಕ್ಕಿದ್ದಂತೆ ದಿರ್ಚೆಯೇ ಫೋನ್ ಮಾಡಿ ಕರೆದಳು. ಒರ್ನೆಲ್ಲಾಳ ಜೀವಮಾನದ ಪುಸ್ತಕ ಇವತ್ತು ಮಧ್ಯಾಹ್ನವೇ ಅಚ್ಚಿಗೆ ಹೋಗಬೇಕು. ಮುಖಪುಟವನ್ನು ಈ ಕಾರಿಗೆಂದೇ ಖಾಲಿ ಬಿಟ್ಟಿದ್ದಳು.

ಮೊದಲು ಮುಖ, ಆಮೇಲೆ ಕಾರು ಎಂದು ಮಾತಾಗಿತ್ತು. ಬೆಳಿಗ್ಗೆ ಆರಕ್ಕೆ ಬಂದಾಗ ಬೆಳಕು ಬೆಣ್ಣೆಯ ಹಾಗಿತ್ತು. ಈಗ ಒಂಬತ್ತೂವರೆ. ಕಾರು ಅಂಗಳದಲ್ಲಿ ಸುಮ್ಮನೆ ಹೊಳೆಯುತ್ತಿತ್ತು. ಕ್ಯಾಮೆರಾದ ತುಂಬ ಎಂಬತ್ತೆರಡರ ಮುದುಕನ ಮುಖ.

“ಆ ಟೋಪಿ ತೆಗಿ, ಲೆಯಾರ್ಕೊ. ಕಪ್ಪು ಕನ್ನಡಕಾನೂ ತೆಗಿ. ಮದುವೆಮನೆಗೆ ನುಗ್ಗಿದ ಕಳ್ಳನ ಥರ ಕಾಣ್ತೀಯ.”

“ಕಾರು ಓಡಿಸೋರು ಹೀಗೇ ಇರೋದು ಕಣೇ.”

“ಮೇಲಿನ ಗುಂಡಿ ಹಾಕು. ನಗು. ಅಷ್ಟೊಂದು ಬೇಡ!”

ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಜೂನ್ ಸೆಕೆಯಲ್ಲೂ ಶಾಲು ಹೊದ್ದು, ದಿರ್ಚೆ ಕೂತಲ್ಲಿಂದಲೇ ದರ್ಬಾರು ನಡೆಸುತ್ತಿದ್ದಳು. ಅತಿಥಿಗೆ ಕಾಫಿ ಕೊಡಲೂ ಏಳಲಿಲ್ಲ. ಗಂಡನೇ ಒಳಗೆ ಹೋಗಿ ಪಾತ್ರೆಗಳ ನಡುವೆ ತಡಕಾಡಿದ.

“ಸಕ್ಕರೆ ಎಲ್ಲೇ?”

“ಎರಡನೇ ಡಬ್ಬಿ. ಎಷ್ಟು ಸಲ ಹೇಳಲಿ? ಉಪ್ಪು ಮೂರನೇದು. ಬರೆದಿಟ್ಕೋ ಅಂದೆನಲ್ಲ!”

ಒರ್ನೆಲ್ಲಾಗೆ ಮೈಯೆಲ್ಲ ಉರಿಯಿತು. ಈ ಮುದುಕಿಗೆ ಕಾರಿನ ಮೇಲೆ ಸವತಿಮತ್ಸರ, ಬೇರೇನಲ್ಲ. ಅದನ್ನು ತೀರಿಸಿಕೊಳ್ಳಲು ನನ್ನ ಪುಸ್ತಕವೇ ಬೇಕಾಗಿತ್ತೇ?

“ನೋಡಿ ಸಿನ್ಯೋರಾ, ನಾನು ಕಾರಿನ ಫೋಟೊ ತೆಗೆಯೋಳು. ಬರೀ ಮುಖ ಬೇಕಿದ್ರೆ ಊರಲ್ಲಿ ಸ್ಟುಡಿಯೊ ಇರಲಿಲ್ವಾ?”

“ಇದೆಯಮ್ಮ. ಅಲ್ಲಿಗೆ ಕರೆದ್ರೆ ಈ ಮಹಾರಾಯ ಬರಲ್ಲ. ಕಾರಿನ ಫೋಟೊಗೂ ಇಷ್ಟು ವರ್ಷ ಒಲ್ಲೆ ಅಂದ. ಈ ಸಲ ನಾನು ಹಟ ಹಿಡಿದಿದ್ದಕ್ಕೆ ಗಡ್ಡ ಕೆರ್ಕೊಂಡು ನಿಂತಿದಾನೆ.” ದಿರ್ಚೆ ಉಸಿರು ತೆಗೆದುಕೊಂಡಳು. “ಅದಿರಲಿ, ನೀನು ತೆಗೆದಿದ್ದು ಬಿಸಿಲಿಗೆ ಮಾಸುತ್ತಾ? ಮಳೇಲಿ, ಹಿಮದಲ್ಲಿ ಒಂದಿಪ್ಪತ್ತು ವರ್ಷ ಬಾಳುತ್ತಾ?”

“ಫೋಟೊನ ಯಾರಾದ್ರೂ ಮಳೇಲಿ ಇಡ್ತಾರಾ?”

ದಿರ್ಚೆ ಶಾಲಿನೊಳಗಿಂದ ಒಂದು ರಟ್ಟಿನ ತುಂಡು ತೆಗೆದಳು. ನಡುವೆ ಮೊಟ್ಟೆಯಾಕಾರದ ಕಿಂಡಿ ಕತ್ತರಿಸಿತ್ತು. “ಮುಖ ಇದರೊಳಗೆ ಕೂರಬೇಕು. ಕಲ್ಲು ಕೆತ್ತೋನು ಗುರುವಾರದೊಳಗೆ ಬೇಕು ಅಂದಿದಾನೆ.”

ಒರ್ನೆಲ್ಲಾ ಆ ರಟ್ಟನ್ನು ಕೈಗೆ ತೆಗೆದುಕೊಂಡಳು. ಆ ಅಳತೆ ಅವಳಿಗೆ ಗೊತ್ತಿತ್ತು. ಅವಳ ಅಪ್ಪನೂ ಊರ ಸ್ಮಶಾನದಲ್ಲಿ, ಗೋರಿಕಲ್ಲಿಗೆ ಕೂರಿಸಿದ ಅಷ್ಟೇ ದೊಡ್ಡ ಪಿಂಗಾಣಿ ಬಿಲ್ಲೆಯ ಮೇಲಿನ ಫೋಟೊದಿಂದ ಇಣುಕುತ್ತಿದ್ದ. ಅವಳು ಲೆಯಾರ್ಕೊನ ಕಡೆ ತಿರುಗಿದಳು. ಸಡಿಲವಾದ ಕಾಲರು, ಅದರೊಳಗೆ ಬಡಕಲು ಕತ್ತು. ಪಾಪ, ಇನ್ನೆಷ್ಟು ದಿನವೋ. ಮೂರು ಗಂಟೆ ಹೊತ್ತು ಮನಸ್ಸಿನಲ್ಲೇ ಅವರಿಬ್ಬರನ್ನೂ ಬೈದುಕೊಂಡದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವನನ್ನು ಸುಣ್ಣದ ಗೋಡೆಯ ನೆರಳಿಗೆ ಕರೆದೊಯ್ದಳು. ಮಡ್‌ಗಾರ್ಡ್ ಬಡಿದದ್ದು ಹೇಗೆ ಎಂದು ಕೇಳಿದಳು. ಅವನು ಹೇಳುತ್ತ ಹೇಳುತ್ತ ಹುರುಪಾದ, ಹೆಂಡತಿಯ ಕಡೆ ನೋಡಿ ನಕ್ಕ. ಒರ್ನೆಲ್ಲಾ ಅದನ್ನೇ ಹಿಡಿದಳು. ಇನ್ನೂ ಚೆನ್ನಾಗಿ, ಇನ್ನೂ ಹತ್ತಿರದಿಂದ, ಒಂದಲ್ಲ ನಲವತ್ತು ತೆಗೆದಳು.

ದಿರ್ಚೆ ಕ್ಯಾಮೆರಾದ ಹಿಂಬದಿಯ ಪರದೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. “ಇದು. ಇವನೇ ನನ್ನ ಲೆಯಾರ್ಕೊ,” ಎಂದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಹನ್ನೆರಡಾಗಿತ್ತು. ನೆತ್ತಿಯ ಬಿಸಿಲಿಗೆ ಕಾರಿನ ಬಾಗುಗಳೆಲ್ಲ ಬೆಳ್ಳಗೆ ಹೊತ್ತಿ ಉರಿಯುತ್ತಿದ್ದವು. ಎತ್ತ ನಿಂತರೂ ಒಂದು ಚಿತ್ರ ದಕ್ಕಲಿಲ್ಲ. ಹನ್ನೊಂದು ವರ್ಷದ ಕನಸು ನೀರಿನಲ್ಲಿ ಹೋಮವಾಯಿತು. ಬಿಸಿಲಿನ ಮೇಲೆ ಸಿಟ್ಟು ಬಂತು, ಅಚ್ಚಿನ ಮನೆಯವರ ಮೇಲೆ ಬಂತು. ಸಾಯುವವನೊಬ್ಬನ ಮನೆಯಲ್ಲಿ ನಿಂತು ಮುಖಪುಟಕ್ಕಾಗಿ ಹಲುಬುತ್ತಿರುವ ತನ್ನ ಮೇಲೂ ಬಂತು.

ಲೆಯಾರ್ಕೊ ಅವಳ ಚೀಲ ಹೊತ್ತು ಗೇಟಿನವರೆಗೂ ಬಂದ.

“ನಿಮ್ಮ ಕೆಲಸ ಕೆಟ್ಟಿತು, ಅಲ್ವೇನಮ್ಮ?”

“ಪರವಾಗಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಬರ್ತೀನಿ. ನಿಮ್ಮನ್ನ ಕಾರಲ್ಲೇ ಕೂರಿಸಿ ತೆಗೀತೀನಿ,” ಎಂದಳು ಒರ್ನೆಲ್ಲಾ. ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದರಿಂದ ಅವನ ಮುಖ ನೋಡಲಾಗಲಿಲ್ಲ.

“ಬನ್ನಿ, ನಾನೂ ಇರ್ತೀನಿ, ಕಾರೂ ಇರುತ್ತೆ.” ಮುದುಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಹೊರಟಿರೋಳು ಅವಳು ಕಣಮ್ಮ, ನಾನಲ್ಲ. ಇಬ್ಬರಿಗೂ ಒಂದೇ ಕಲ್ಲು. ಅವಳ ಚಿತ್ರ ಹೋದ ತಿಂಗಳೇ ಕೊಟ್ಟಾಯ್ತು. ಪಕ್ಕದಲ್ಲಿ ನನ್ನದನ್ನೂ ತಾನೇ ಆರಿಸಿಟ್ಟು ಹೋಗ್ತಾಳಂತೆ. ನನ್ನ ಕೈಗೆ ಬಿಟ್ಟರೆ ಅಲ್ಲೂ ಕಾರಿನ ಫೋಟೊನೇ ಅಂಟಿಸಿಬಿಡ್ತೀನಂತೆ.”