ಸಿಂಹದ ಸೊಟ್ಟ ಕಿವಿ

"ಆ ಗಾರೆ ಸಿಂಹದ ಕಿವಿ ಎಷ್ಟು ಸೊಟ್ಟಗಿದೆ ನೋಡಿ! ಮಾಡಿದವನು ಅವತ್ತು ಫುಲ್ ಟೈಟು!" ಗೈಡ್ ಮೈಕಿನಲ್ಲಿ ಹೇಳುತ್ತಲೇ ಹಳೇ ಕಟ್ಟಡ ನೋಡಲು ಬಂದ ಗುಂಪು ಗೊಳ್ಳೆಂದು ನಕ್ಕಿತು. ಗುಂಪಿನಲ್ಲಿದ್ದ ಹೆಂಗಸೊಬ್ಬಳು ಮುನ್ನುಗ್ಗಿ ಮೈಕು ಕಿತ್ತುಕೊಂಡಳು.

"ನಾಲಿಗೆ ಬಿಗಿ ಹಿಡಿದು ಮಾತಾಡು! ಆ ಕಿವಿ ರಿಪೇರಿ ಮಾಡಿದ್ದು ನಮ್ಮಪ್ಪ. ಹೆಂಡ ಮೂಸಿ ನೋಡಿದವನೂ ಅಲ್ಲ. ಸುಣ್ಣ ಸಿಡಿದು ಒಂದು ಕಣ್ಣು ಹೋಗಿತ್ತು. ಕೆಲಸದಿಂದ ತೆಗೀತಾರೆ ಅಂತ ಯಾರ ಹತ್ರಾನೂ ಬಾಯಿಬಿಡಲಿಲ್ಲ. ಸಾರವೆ ಮೇಲಿಂದ 'ಸರಿ ಇದೆಯೇನೇ ಮಗಳೇ?' ಅಂತ ಕೂಗಿದ. ಸೊಟ್ಟಗಿರೋದು ಕೆಳಗಿದ್ದ ನನಗೆ ಕಾಣ್ತಿತ್ತು. ಆದ್ರೂ ಸರಿ ಇದೆ ಅಂದೋಳು ನಾನೇ!"

"ಸಾರಿ ಮೇಡಂ, ದಿನಾ ಹೇಳೋ ಜೋಕು ಅದು..." ಗೈಡ್ ತೊದಲಿದ.

ಅವಳು ಮೈಕನ್ನು ಅವನ ಬಾಯಿಗೇ ಹಿಡಿದಳು.

"ಹಾಗಾದ್ರೆ ಇವತ್ತೂ ಹೇಳು. ನನ್ನ ಮುಖ ನೋಡ್ಕೊಂಡು ಹೇಳು."